ದಾವೆ ಇದೆ, ದಲೀಲು ಎಲ್ಲಿ?

ಕೊಪ್ಪಳ, ಗಂಗಾವತಿ ಕಡೆಯ ಕವಿಗೋಷ್ಠಿಗಳಲ್ಲಿ ಪ್ರೇಮದ ಮಾತು ಬಂತೆಂದರೆ ಈಗ ಗಜಲ್ ಬಂದೇ ಬರುತ್ತದೆ. ಬರಲೇಬೇಕು. 1948ರವರೆಗೆ ಇದು ನಿಜಾಮರ ಸೀಮೆ. ಕೊಪ್ಪಳ, ಯಲಬುರ್ಗಾ ಸಾಲಾರ್ ಜಂಗರ ಜಹಗೀರು. ಶಾಲೆ, ಕಚೇರಿಗಳ ಭಾಷೆ ಉರ್ದು. ದ್ಯಾಂಪುರದಲ್ಲಿ 1918ರಲ್ಲಿ ಹುಟ್ಟಿದ ಸಿದ್ದಯ್ಯ ಪುರಾಣಿಕರ ತಲೆಮಾರು ಉರ್ದುವಿನ ನೆರಳಲ್ಲಿ ಓದಿ ಕನ್ನಡದಲ್ಲಿ ಬರೆಯಿತು. ರಾಯಚೂರಿನ ಶಾಂತರಸರು ಗಜಲನ್ನು ಕನ್ನಡದಲ್ಲಿ ಊರಿ ನಿಲ್ಲಿಸಿದರು, ಮುಕ್ತಾಯಕ್ಕ ಅದಕ್ಕೆ ಹೆಣ್ಣಿನ ದನಿ ಕೊಟ್ಟರು, ಕನಕಗಿರಿಯ ಅಲ್ಲಾಗಿರಿರಾಜ್ ಅವರಂಥವರು ಆ ದಾರಿಯಲ್ಲಿ ಮುಂದೆ ನಡೆದಿದ್ದಾರೆ.

ಇಷ್ಟು ಬೇರು ಇದ್ದೂ ನಮ್ಮ ಬಹಳಷ್ಟು ಪ್ರೇಮ ಗಜಲುಗಳು ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಭಾವ ಕಡಿಮೆಯಾಗಿದೆ ಎಂದಲ್ಲ, ಭಾವಕ್ಕೆ ಬುದ್ಧಿಯ ಹೆಗಲು ಸಿಕ್ಕಿಲ್ಲ. ಪ್ರೇಮಕವಿತೆಯಲ್ಲಿ ತರ್ಕಕ್ಕೇನು ಕೆಲಸ ಎಂದು ಕೇಳುವವರಿದ್ದಾರೆ. ಅಕಲ್ ಮತ್ತು ಇಷ್ಕ್‌ಗಳ, ಅಂದರೆ ಬುದ್ಧಿ ಮತ್ತು ಪ್ರೇಮದ ಜಗಳವನ್ನು ಉರ್ದು ಕವಿಗಳು ಶತಮಾನಗಳಿಂದ ಹಾಡಿದ್ದಾರೆ, ಇಕ್ಬಾಲರಂತೂ ಬುದ್ಧಿ ಮತ್ತು ಹೃದಯವನ್ನು ಎದುರುಬದುರು ಕೂರಿಸಿಯೇ ಒಂದು ಪದ್ಯ ಬರೆದರು. ಗೆಲುವನ್ನು ಹೆಚ್ಚಾಗಿ ಇಷ್ಕ್‌ಗೇ ಕೊಟ್ಟರು, ನಿಜ. ಆದರೆ ಆ ಗೆಲುವನ್ನು ಹೇಳಿದ ಎರಡು ಸಾಲಿನ ಶೇರ್ ಮಾತ್ರ ಕಟ್ಟುನಿಟ್ಟಾದ ಬುದ್ಧಿಯ ಕೆಲಸ. ಅಲ್ಲಿ ಒಂದು ಬಗೆಯ ಶೇರ್‌ನಲ್ಲಿ ಮೊದಲ ಸಾಲು ದಾವೆ ಹೂಡುತ್ತದೆ, ಎರಡನೆಯದು ದಲೀಲು, ಅಂದರೆ ಪುರಾವೆ, ಒದಗಿಸುತ್ತದೆ. ದಲೀಲು ಬಿದ್ದುಹೋದರೆ ದಾವೆ ಬರೀ ಗೋಳು.

ಯಾರ ಸಾಲನ್ನೂ ಎತ್ತಿಕೊಳ್ಳದೆ ನಾನೇ ಕಟ್ಟಿದ ಒಂದು ಶೇರ್ ನೋಡಿ:

ನೀನಿಲ್ಲದೆ ನನ್ನ ಇರುಳು ಬರಿದಾಗಿದೆ ಸಾಕಿ
ನಿನ್ನ ನೆನೆದು ನನ್ನ ದಿಂಬು ತೇವವಾಗಿದೆ ಸಾಕಿ

ಇಂಥದ್ದಕ್ಕೆ ಸಭೆಯಲ್ಲಿ ‘ವಾಹ್’ ಸಿಗುತ್ತದೆ. ಆದರೆ ಎರಡನೆಯ ಸಾಲು ಮೊದಲನೆಯದನ್ನೇ ಇನ್ನೊಮ್ಮೆ ಅಳುತ್ತದೆ, ಮುಂದೆ ಒಂದು ಹೆಜ್ಜೆಯನ್ನೂ ಇಡುವುದಿಲ್ಲ. ಪ್ರಾಸಪದವಾದ ಕಾಫಿಯಾ ಕೂಡ ಇಲ್ಲ: ‘ಆಗಿದೆ ಸಾಕಿ’ ಎಂಬುದಷ್ಟೂ ಬದಲಾಗದೆ ಮರಳಿ ಬರುವ ರದೀಫ್, ಅದರ ಹಿಂದಿನ ‘ಬರಿದು’, ‘ತೇವ’ ಒಂದಕ್ಕೊಂದು ಪ್ರಾಸವಾಗುವುದಿಲ್ಲ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುವುದರಿಂದ ಈ ಮೋಸ ಸುಲಭ. ಕ್ರಿಯಾಪದದ ಬಾಲವನ್ನೇ ಕಾಫಿಯಾ ಎಂದು ತಿಳಿದು ಎಷ್ಟೋ ಗಜಲುಗಳು ಹುಟ್ಟಿವೆ. ಇನ್ನು ಮದ್ಯ ಸುರಿದು ಕೊಡುವ ಆ ಸಾಕಿ! ಕುಷ್ಟಗಿಯ ಹಳ್ಳಿಯ ಹುಡುಗ ಯಾವ ಮಧುಶಾಲೆಯಲ್ಲಿ ಅವಳನ್ನು ಕಂಡ? ಕಾಣದ್ದನ್ನು ಎರವಲು ತಂದಾಗ ಭಾವವೂ ಎರವಲೇ ಆಗುತ್ತದೆ.

ಈಗ ಇನ್ನೊಂದು:

ನೀ ಬಂದ ಸುದ್ದಿ ಊರೆಲ್ಲ ಹಬ್ಬಿ ನನ್ನ ಮನೆಗೆ ಮುಟ್ಟಿತು ತಡವಾಗಿ
ಕಾಲುವೆ ತುಂಬಿ ಹರಿದರೂ ಕೊನೆಯ ಹೊಲದಲ್ಲಿ ಹಸಿರು ಹುಟ್ಟಿತು ತಡವಾಗಿ

ಇದು ದೊಡ್ಡ ಕಾವ್ಯವೇನೂ ಅಲ್ಲ. ಆದರೆ ಇಲ್ಲಿ ಕಣ್ಣೀರಿನ ಹೆಸರಿಲ್ಲದೆ ನೋವು ತಿಳಿಯುತ್ತದೆ, ಏಕೆಂದರೆ ಎರಡನೆಯ ಸಾಲು ಸಾಕ್ಷಿ ಹೇಳುತ್ತದೆ. ತುಂಗಭದ್ರೆಯ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿ ಹೊಲ ಇದ್ದವರಿಗೆ ಈ ಸಾಕ್ಷಿಯನ್ನು ಬಿಡಿಸಿ ಹೇಳಬೇಕಿಲ್ಲ. ಮಳೆಯನ್ನೇ ನಂಬಿದ ಯಲಬುರ್ಗಾದ ಎರೆಹೊಲದ ಕವಿ ಬೇರೆ ದಲೀಲು ಹುಡುಕಬೇಕಾಗುತ್ತದೆ. ಆ ಹುಡುಕಾಟವೇ ಪ್ರೇಮಕವಿತೆಯಲ್ಲಿ ಬುದ್ಧಿಗಿರುವ ಕೆಲಸ.

ನಮ್ಮ ಕೇಳುಗರಿಗೆ ಇದು ಹೊಸದೂ ಅಲ್ಲ. ಉತ್ತರ ಕರ್ನಾಟಕದ ಹರದೇಶಿ-ನಾಗೇಶಿ ಹಾಡಿಕೆಯಲ್ಲಿ ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಸವಾಲು-ಜವಾಬು ನಡೆಯುವಾಗ ಜನ ಎದ್ದುಹೋಗುವುದಿಲ್ಲ. ವಾದ ಬಿಗಿಯಾದಷ್ಟೂ ರಸ ಏರುತ್ತದೆ. ಇಂಥ ಕಿವಿಗಳ ಮುಂದೆ ಬರೀ ನಿಟ್ಟುಸಿರು ಓದುವುದು ಕೇಳುಗರನ್ನು ಕಡಿಮೆ ಅಂದಾಜು ಮಾಡಿದಂತೆ.

ಬುದ್ಧಿಗೆ ಗಜಲಿನೊಳಗೇ ಇನ್ನೊಂದು ಜಾಗವಿದೆ. ಗಜಲಿನ ಕೊನೆಯ ಶೇರ್ ಆದ ಮಕ್ತಾದಲ್ಲಿ ಕವಿ ತನ್ನ ತಖಲ್ಲುಸ್, ಅಂದರೆ ಕಾವ್ಯನಾಮ, ಇಡುತ್ತಾನೆ. ಇದನ್ನು ವಚನದ ಅಂಕಿತಕ್ಕೆ ಹೋಲಿಸುವುದು ವಾಡಿಕೆ. ನನಗೆ ಆ ಹೋಲಿಕೆ ಒಪ್ಪಿಗೆಯಿಲ್ಲ. ಅಕ್ಕಮಹಾದೇವಿ ‘ಚೆನ್ನಮಲ್ಲಿಕಾರ್ಜುನ’ ಎಂದಾಗ ಅವಳ ಮಾತು ತನ್ನನ್ನು ದಾಟಿ ದೇವರತ್ತ ಹೋಗುತ್ತದೆ. ಮಕ್ತಾದಲ್ಲಿ ಕವಿ ತನ್ನನ್ನೇ ಬೇರೆಯವನಂತೆ ಹೆಸರು ಹಿಡಿದು ಕರೆಯುತ್ತಾನೆ, ಬೈಯುತ್ತಾನೆ, ಸಮಾಧಾನ ಮಾಡುತ್ತಾನೆ. ಅಷ್ಟು ಹೊತ್ತು ಉರಿದವನನ್ನು ಈಗ ದೂರ ನಿಂತು ನೋಡುವವನು ಯಾರು? ಅವನೇ. ಭಾವ ಮತ್ತು ವಿವೇಕ ಒಂದೇ ಸಾಲಿನಲ್ಲಿ ಎದುರಾಗುವ ಇಂಥ ಜಾಗ ಬೇರೆ ಕಾವ್ಯಪ್ರಕಾರಗಳಲ್ಲಿ ಅಪರೂಪ. ನಮ್ಮಲ್ಲಿ ಎಷ್ಟೋ ಕವಿಗಳು ಅದನ್ನು ಸಹಿ ಹಾಕುವ ಜಾಗವನ್ನಾಗಿ ಮಾಡಿಕೊಂಡಿದ್ದಾರೆ. ಹೆಸರು ಬರುತ್ತದೆ, ಆ ಹೆಸರಿನವನ ಜೊತೆ ಮಾತು ನಡೆಯುವುದಿಲ್ಲ. ಸಂಕಲನಕ್ಕೆ ಹಸ್ತಪ್ರತಿ ಆರಿಸುವವರು ಮೊದಲು ಮಕ್ತಾ ಓದಲಿ. ಹೆಸರನ್ನು ಅಳಿಸಿದರೂ ಆ ಶೇರ್‌ನ ಅರ್ಥ ಚೂರೂ ಕದಲದಿದ್ದರೆ, ಆ ಗಜಲನ್ನು ಕವಿಗೆ ತಿರುಗಿ ಕೊಟ್ಟು ಕೊನೆಯ ಎರಡು ಸಾಲನ್ನು ಮತ್ತೆ ಬರೆಯಲು ಹೇಳಲಿ.