ಒಂದು ಕ್ರಿಯಾವಿಶೇಷಣದ ಭಾರ: ಅಮೆರಿಕದ ಮೊದಲ ಒಡಂಬಡಿಕೆಯ ಪಠ್ಯವಿಚಾರ

ಅಮೆರಿಕದ ಮೊದಲ ಕೇಂದ್ರ ಸರ್ಕಾರ ದುರ್ಬಲವಾಗಿತ್ತೆಂಬ ಅಭಿಪ್ರಾಯ ನಮ್ಮ ವಿದ್ವತ್ ವಲಯದಲ್ಲಿ ಎಷ್ಟು ರೂಢವಾಗಿದೆಯೆಂದರೆ, ಆ ಸರ್ಕಾರಕ್ಕೆ ಆಧಾರವಾಗಿದ್ದ ‘ಆರ್ಟಿಕಲ್ಸ್ ಆಫ್ ಕಾನ್ಫೆಡರೇಷನ್’ ಎಂಬ ಒಡಂಬಡಿಕೆಯನ್ನು ತೆರೆದು ನೋಡುವ ಅಗತ್ಯ ಹೆಚ್ಚಿನವರಿಗೆ ಕಾಣುವುದಿಲ್ಲ. ನಮ್ಮ ಪರಿಭಾಷೆಯೂ ಇದಕ್ಕೆ ಒಂದಿಷ್ಟು ಹೊಣೆ. ಕಾನ್ಫೆಡರೇಷನ್, ಫೆಡರೇಷನ್ ಎರಡನ್ನೂ ಬಹುಮಟ್ಟಿಗೆ ‘ಒಕ್ಕೂಟ’ವೆಂದೇ ಕರೆಯುತ್ತ, ಇಡೀ ವಿವಾದದ ತಿರುಳಾದ ಭೇದವನ್ನು ನಾವು ಮೊದಲ ಹೆಜ್ಜೆಯಲ್ಲೇ ಕಳೆದುಕೊಳ್ಳುತ್ತೇವೆ.

1777ರ ನವೆಂಬರಿನಲ್ಲಿ ಕಾಂಗ್ರೆಸ್ ಅಂಗೀಕರಿಸಿ, 1781ರ ಮಾರ್ಚಿನಲ್ಲಿ ಜಾರಿಗೆ ಬಂದ ಈ ಒಡಂಬಡಿಕೆ ತನ್ನನ್ನು ಸ್ನೇಹಕೂಟವೆಂದು ಕರೆದುಕೊಳ್ಳುತ್ತದೆ, ಸರ್ಕಾರವೆಂದಲ್ಲ. ದೊಡ್ಡದಿರಲಿ ಚಿಕ್ಕದಿರಲಿ, ರಾಜ್ಯಕ್ಕೊಂದು ಮತ. ಯುದ್ಧ, ಸಂಧಾನ, ಸಾಲಗಳಿಗೆ 9 ರಾಜ್ಯಗಳ ಸಮ್ಮತಿ. ತೆರಿಗೆ ಹಾಕುವ ಅಧಿಕಾರ ಕಾಂಗ್ರೆಸ್ಸಿಗಿಲ್ಲ. ರಾಜ್ಯಗಳ ಮುಂದೆ ಕೈಯೊಡ್ಡಬೇಕು. ಚಕ್ರವರ್ತಿಯ ಬಿರುದಾವಳಿಗೂ ಮಾಂಡಲಿಕನ ಕಪ್ಪಕಾಣಿಕೆಗೂ ನಡುವಿನ ದೂರವನ್ನು ಶಾಸನಗಳಲ್ಲಿ ಕಂಡವರಿಗೆ ಇದು ತೀರ ಅಪರಿಚಿತವೇನಲ್ಲ. ಆದರೆ ಇಲ್ಲಿ ಬಿರುದೂ ಇರಲಿಲ್ಲವೆಂಬುದನ್ನು ಮರೆಯಬಾರದು. ಸಂಬಳ ಸಿಗದ ಸೈನಿಕರು 1783ರ ಜೂನಿನಲ್ಲಿ ಫಿಲಡೆಲ್ಫಿಯದ ಸಭಾಭವನವನ್ನು ಸುತ್ತುಗಟ್ಟಿದಾಗ ಕಾಂಗ್ರೆಸ್ ಪ್ರಿನ್ಸ್‌ಟನ್ನಿಗೆ ಹೊರಟುಹೋಯಿತು.

ಈ ಕಾಲವನ್ನು ಜಾನ್ ಫಿಸ್ಕ್ 1888ರ ತಮ್ಮ ಗ್ರಂಥದಲ್ಲಿ ಸಂಕಟಕಾಲವೆಂದು ಚಿತ್ರಿಸಿದರು. ಹ್ಯಾಮಿಲ್ಟನ್, ಮ್ಯಾಡಿಸನ್, ಜೇ ಅವರ ‘ಫೆಡರಲಿಸ್ಟ್’ ಪ್ರಬಂಧಗಳ ದೃಷ್ಟಿಯೇ ಅಲ್ಲಿ ಇತಿಹಾಸವಾಗಿದೆ. ಗೆದ್ದವರ ವಾದವನ್ನು ಸಾಕ್ಷ್ಯವೆಂದು ಬಗೆದ ದೋಷವಿದು. ಮೆರಿಲ್ ಜೆನ್ಸನ್ 1950ರಲ್ಲಿ ಇದನ್ನು ಪ್ರಶ್ನಿಸಿದರು. ಕೇಂದ್ರ ದುರ್ಬಲವಾದದ್ದಲ್ಲ, ದುರ್ಬಲವಾಗಿರಲೆಂದೇ ರಚಿತವಾದದ್ದು ಎಂಬ ಅವರ ನಿಲುವು ಪಠ್ಯಕ್ಕೆ ನಿಷ್ಠವಾದುದು. ವಾಯವ್ಯ ಪ್ರದೇಶದ ಆಡಳಿತಕ್ಕೆ 1787ರಲ್ಲಿ ಕಾಯಿದೆ ರೂಪಿಸಿದ್ದು ಇದೇ ಕಾಂಗ್ರೆಸ್.

ಆದರೂ ಜೆನ್ಸನ್ನರ ಸಮರ್ಥನೆ ಒಂದೆಡೆ ಸೋಲುತ್ತದೆಂದು ನನ್ನ ಅನಿಸಿಕೆ. ತಿದ್ದುಪಡಿಗೆ ಎಲ್ಲ 13 ರಾಜ್ಯಗಳ ಒಪ್ಪಿಗೆ ಬೇಕೆಂಬ ವಿಧಿಯನ್ನು ನೋಡಬೇಕು. ಆಮದು ಸರಕಿನ ಮೇಲೆ ಶೇಕಡಾ 5ರ ಸುಂಕಕ್ಕೆ 1781ರಲ್ಲಿ ಕಾಂಗ್ರೆಸ್ ಅನುಮತಿ ಬೇಡಿತು. 1782ರಲ್ಲಿ ಪುಟ್ಟ ರೋಡ್ ಐಲೆಂಡ್ ನಿರಾಕರಿಸಿತು. 1783ರ ಪರಿಷ್ಕೃತ ಸಲಹೆ 1786ರಲ್ಲಿ ನ್ಯೂಯಾರ್ಕಿನ ಹಟದಿಂದ ಬಿದ್ದುಹೋಯಿತು. ಬಡತನ ಒಂದು ವ್ಯವಸ್ಥೆಯ ದೋಷವಲ್ಲದಿರಬಹುದು. ಪಾಠ ಪರಿಷ್ಕರಣೆಗೆ ಎಡೆಗೊಡದ ಪಠ್ಯ ಮಾತ್ರ ತನ್ನ ದೋಷಗಳನ್ನು ತಾನೇ ಕಾಯ್ದುಕೊಳ್ಳುತ್ತದೆ. 1787ರ ಫಿಲಡೆಲ್ಫಿಯ ಸಮಾವೇಶ 9 ರಾಜ್ಯಗಳ ಅನುಮೋದನೆಯೇ ಸಾಕೆಂದು ವಿಧಿಸಿದ್ದು ಆ ನಿಯಮವನ್ನು ಮೀರಿಯೇ. ಫಿಸ್ಕ್ ಹೊಗಳುವ ಹೊಸ ಸಂವಿಧಾನದ ಹುಟ್ಟಿನಲ್ಲಿರುವ ಈ ಉಲ್ಲಂಘನೆಗೆ ನಮ್ಮ ವ್ಯಾಖ್ಯಾನಗಳಲ್ಲಿ ತಕ್ಕ ಸ್ಥಾನ ಸಿಕ್ಕಿಲ್ಲ.

ಇನ್ನು ಎರಡನೆಯ ವಿಧಿ. ಕಾಂಗ್ರೆಸ್ಸಿಗೆ ‘ಸ್ಪಷ್ಟವಾಗಿ’ ವಹಿಸಿಕೊಡದ ಅಧಿಕಾರವೆಲ್ಲ ರಾಜ್ಯಗಳದೇ ಎಂದು ಅದು ಸಾರುತ್ತದೆ. ಕೇಂದ್ರದ ಕೈ ಕಟ್ಟಿದ್ದು ಈ ಒಂದು ಕ್ರಿಯಾವಿಶೇಷಣ. ಹೊಸ ಸಂವಿಧಾನಕ್ಕೆ 1791ರಲ್ಲಿ ಸೇರಿದ ಹತ್ತನೆಯ ತಿದ್ದುಪಡಿ ಬಹುತೇಕ ಅದೇ ಮಾತನ್ನಾಡುತ್ತದೆ, ಆ ಪದವೊಂದನ್ನುಳಿದು. ಅದನ್ನು ಸೇರಿಸಬೇಕೆಂಬ ಸೂಚನೆ 1789ರಲ್ಲಿ ಪ್ರತಿನಿಧಿ ಸಭೆಯಲ್ಲಿ ಬಿದ್ದುಹೋಗಿತ್ತು. ರಾಷ್ಟ್ರೀಯ ಬ್ಯಾಂಕಿನ ಮೇಲೆ ಮೇರಿಲ್ಯಾಂಡ್ ಹಾಕಿದ ತೆರಿಗೆಯ ಪ್ರಕರಣದಲ್ಲಿ, 1819ರಲ್ಲಿ, ಮುಖ್ಯ ನ್ಯಾಯಾಧೀಶ ಜಾನ್ ಮಾರ್ಷಲ್ ಈ ಪಾಠಭೇದವನ್ನೇ ಎತ್ತಿ ತೋರಿಸಿ, ಕೇಂದ್ರಕ್ಕೆ ಸೂಚಿತ ಅಧಿಕಾರಗಳೂ ಉಂಟೆಂದು ತೀರ್ಪಿತ್ತರು.