ಕೈಯ ದೋಷವೋ, ಗಾಲಿಯ ದೋಷವೋ

ಹವ್ಯಾಸಿಯೊಬ್ಬ ಮನೆಯಲ್ಲೇ ಕಟ್ಟಿದ ಹಗುರ ವಿಮಾನ ಇಳಿಯುವಾಗ ಮಗುಚಿತೆಂದರೆ ಜನರ ಅನುಮಾನವೆಲ್ಲ ಕಟ್ಟಿದವನ ಕೈಯ ಮೇಲೆ. ನಾನಾದರೆ ಮೊದಲು ಕೇಳುವುದು ಗಾಲಿಯ ಗಾತ್ರ, ನೆಲ ಮುಟ್ಟಿದಾಗಿನ ವೇಗ. ಹವ್ಯಾಸಿಗಳು ನಕ್ಷೆ ಹಿಡಿದು ಕಟ್ಟುವ, ಬರ್ಟ್ ರುಟಾನ್ ವಿನ್ಯಾಸದ ಲಾಂಗ್-ಈಝೀಯನ್ನೇ ನೋಡಿ. ಹಿಂದೆ ಎಂಜಿನ್, ಮೂತಿಯ ಬಳಿ ಕೆನಾರ್ಡ್ ಎಂಬ ಪುಟ್ಟ ರೆಕ್ಕೆ, ಮೈಗೆ ಫೋಮಿನ ಮೇಲೆ ಹೊದಿಸಿದ ಗಾಜುನಾರು. ಬೆಂಗಳೂರಿನ ವೈಮಾನಿಕ ಪ್ರಯೋಗಾಲಯ ಎನ್‌ಎಎಲ್ ಕೂಡ 1980ರ ದಶಕದಲ್ಲಿ ಇದೇ ಮಾದರಿ ಹಿಡಿದು ಸಂಶೋಧನಾ ವಿಮಾನ ಹಾರಿಸಿತ್ತು. ವೇಗ ತೀರಾ ತಗ್ಗಿದರೆ ಮುಂದಿನ ರೆಕ್ಕೆ ಮೊದಲು ಸ್ಟಾಲ್ ಆಗಿ, ಅಂದರೆ ಎತ್ತುವ ಬಲ ಕಳೆದುಕೊಂಡು, ಮೂತಿ ತಾನಾಗಿ ಬಾಗುತ್ತದೆ, ಕಳೆದ ವೇಗ ಮರಳುತ್ತದೆ. ಜಾಣ ಏರ್ಪಾಟೇ. ಆದರೆ ಹಿಂದಿನ ದೊಡ್ಡ ರೆಕ್ಕೆಯ ಪೂರ್ತಿ ಬಲ ಬಳಕೆಗೇ ಬರುವುದಿಲ್ಲ, ನಿಧಾನವಾಗಿ ಇಳಿಯಲು ನೆರವಾಗುವ ಫ್ಲಾಪ್ ಅಂತೂ ಇಲ್ಲ. ಹಾಗಾಗಿ ರನ್‌ವೇಗೆ ಬರುವುದು ಗಂಟೆಗೆ ಸುಮಾರು 130 ಕಿ.ಮೀ. ವೇಗದಲ್ಲಿ. ಅಷ್ಟೇ ತೂಕದ ವಿಮಾನ 90ರಲ್ಲಿ ಬಂದರೆ ನಿಲ್ಲಿಸಲು ಕಳೆಯಬೇಕಾದ ಶಕ್ತಿ ಇದರ ಹೆಚ್ಚುಕಡಿಮೆ ಅರ್ಧ. ಪುಟ್ಟ ಮೂತಿಗಾಲಿಯನ್ನು ಹಿಡಿ ತಿರುವಿ ಹೊರಬಿಡಬೇಕು. ಮರೆತರೆ ಮೂತಿಯೇ ನೆಲ ಉಜ್ಜುತ್ತದೆ.

ಬೀದರ್ ವಾಯುನೆಲೆಯ ರನ್‌ವೇಯಲ್ಲಿ ಹಾಕ್ ಜೆಟ್‌ಗಳು ಇದಕ್ಕಿಂತ ಎಷ್ಟೋ ಜೋರಾಗಿ ಇಳಿಯುತ್ತವಲ್ಲ ಎಂದು, ಆ ಜೆಟ್‌ಗಳಲ್ಲಿ ಕಸರತ್ತು ತೋರುವ ವಾಯುಪಡೆಯ ಸೂರ್ಯಕಿರಣ ತಂಡವನ್ನು ದಿನವೂ ನೋಡುವ ಊರಿನವರು ಕೇಳಬಹುದು. ಆದರೆ ಹಾರುವಾಗಲೇ ಎಂಜಿನ್ ನಿಂತ ಹವ್ಯಾಸಿಯ ಪಾಲಿಗೆ ಬರುವುದು ಆ ರನ್‌ವೇ ಅಲ್ಲ, ಅದೇ ಜಿಲ್ಲೆಯ ಭಾಲ್ಕಿಯದೋ ಔರಾದಿನದೋ ಎರೆಹೊಲ. ಮಳೆಗಾಲದಲ್ಲಿ ಆ ಮಣ್ಣು ಗಾಲಿಗೆ ಮೆತ್ತಿ ಹಿಡಿದುಬಿಡುತ್ತದೆ. ಬೇಸಿಗೆಯಲ್ಲಿ ಬಾಯ್ಬಿಟ್ಟ ಬಿರುಕಿಗೆ ಸಣ್ಣ ಮೂತಿಗಾಲಿ ಇಳಿದರೆ ವಿಮಾನ ಅಂಗಾತ. ಕಟ್ಟಿದವನ ಕೈಗೆಲಸ ಎಷ್ಟೇ ಚೊಕ್ಕಟವಿದ್ದರೂ ಅಷ್ಟೇ.

ಕೈಯ ದೋಷವೇ ಇಲ್ಲವೇ ಎಂದರೆ, ಉಂಟು. ಗಾಯಕ ಜಾನ್ ಡೆನ್ವರ್ 1997ರ ಅಕ್ಟೋಬರ್ 12ರಂದು ಕ್ಯಾಲಿಫೋರ್ನಿಯಾದ ಕಡಲತೀರದ ಬಳಿ ಸತ್ತದ್ದು ಲಾಂಗ್-ಈಝೀಯಲ್ಲೇ, ಇಳಿದು ಏರುವ ಅಭ್ಯಾಸ ಮುಗಿಸಿದ ಮೇಲೆ. ನಕ್ಷೆಯ ಪ್ರಕಾರ ಕಾಲುಗಳ ನಡುವೆ ಇರಬೇಕಾದ ಇಂಧನದ ಕವಾಟವನ್ನು ಕಟ್ಟಿದವನು ಪೈಲಟ್‌ನ ಎಡಭುಜದ ಹಿಂದಕ್ಕೆ ಸರಿಸಿದ್ದ. ಅದನ್ನು ತಿರುವಲು ಹೊರಳಿದಾಗ ಡೆನ್ವರ್ ಕಾಲು ಬಲ ರಡ್ಡರ್ ಪೆಡಲನ್ನು ಒತ್ತಿತೆಂದು ತನಿಖೆ ತೀರ್ಮಾನಿಸಿತು. ಆದರೆ ಅದೇ ತನಿಖೆ, ಕೊಂಡು ಹೆಚ್ಚು ದಿನವಾಗಿರದ ಆ ವಿಮಾನದಲ್ಲಿ ಅವರಿಗೆ ಸಾಕಷ್ಟು ತರಬೇತಿ ಇರಲಿಲ್ಲವೆಂದೂ ಎತ್ತಿ ತೋರಿಸಿತು. ಹಾರಿಸುವವನಿಗೆ ಒಗ್ಗದ ಕವಾಟ, ಹೊಲಕ್ಕೆ ಒಗ್ಗದ ಗಾಲಿ ಎರಡೂ ಒಂದೇ ಜಾತಿಯ ತಪ್ಪು. ಕವಾಟವನ್ನು ತಿದ್ದಬೇಕಾದದ್ದು ಕಟ್ಟುವಾಗ, ಗಾಲಿಯನ್ನು ನಕ್ಷೆ ಆರಿಸುವಾಗಲೇ. ದಪ್ಪ ಗಾಲಿಯ, ನಿಧಾನದ ವಿಮಾನಕ್ಕೆ ಮೂಗು ಮುರಿಯುವವರು ಲೆಕ್ಕ ಹಾಕಲಿ: ಭಾಲ್ಕಿಯಿಂದ ಔರಾದಿಗೆ ನೇರ ಹಾರಿದರೆ ಸುಮಾರು 30 ಕಿ.ಮೀ. ಗಂಟೆಗೆ 120ರ ಬದಲು 240ರಲ್ಲಿ ಹೋದರೂ ಉಳಿಯುವುದು ಏಳೆಂಟು ನಿಮಿಷ.