‘ವು’ ಅಕ್ಷರದ ವಿವೇಕ

ಯಾರದಾದರೂ ಕೈಬರಹ ಮೆಚ್ಚಿಗೆಯಾದರೆ ನಮ್ಮ ಬಾಯಲ್ಲಿ ಬರುವ ಮಾತು ಒಂದೇ: ‘ಅಚ್ಚು ಹಾಕಿದ ಹಾಗಿದೆ.’ ಕಾಪಿ ಪುಸ್ತಕದಲ್ಲಿ ತಿದ್ದಿ ತಿದ್ದಿ ದುಂಡಗಾದ ಅಕ್ಷರಕ್ಕೆ ಶಾಲೆಯಲ್ಲಿ ಬಹುಮಾನ ಸಿಗುವುದೂ ಇದೇ ಅಳತೆಗೋಲಿನಿಂದ. ಈ ಅಳತೆಗೋಲೇ ತಪ್ಪು ಎಂಬುದು ನನ್ನ ವಾದ. ಅಚ್ಚು ಕೈಬರಹದ ಗುರುವಲ್ಲ, ಶಿಷ್ಯ.

ಚರಿತ್ರೆ ಎಲ್ಲರೂ ಬಲ್ಲದ್ದೇ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಸೆರಾಂಪುರದಲ್ಲಿ ಅಚ್ಚುಮೊಳೆಗಳಿಂದ ಅಚ್ಚಾದದ್ದು 1817ರಲ್ಲಿ. ಅದಾಗಿ ಕಾಲು ಶತಮಾನ ಕಳೆದ ಮೇಲೂ, 1843ರಲ್ಲಿ, ಮಿಷನರಿ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ್ದು ಕಲ್ಲಚ್ಚಿನಲ್ಲಿ, ಎಂದರೆ ಕೈಯಲ್ಲಿ ಬರೆದದ್ದನ್ನೇ ಕಲ್ಲಿನಿಂದ ಒತ್ತಿ. ಕನ್ನಡದ ಮೊದಲ ಪತ್ರಿಕೆಯ ಓದುಗರ ಕಣ್ಣಿಗೆ ಬಿದ್ದದ್ದು ಮೊಳೆಯಲ್ಲ, ಕೈಬರಹ.

ಒಂದೇ ಒಂದು ಅಕ್ಷರವನ್ನು ಹತ್ತಿರದಿಂದ ನೋಡೋಣ: ‘ವು’. ಕು, ಗು, ತು, ಸುಗಳಲ್ಲಿ ಕೊಂಬು ಅಕ್ಷರದ ಬಲಮಗ್ಗುಲಿಗೆ ಅಂಟುತ್ತದೆ. ಪು, ಫು, ವುಗಳಲ್ಲಿ ಮಾತ್ರ ಅದು ಬುಡದಿಂದ ಏಳುತ್ತದೆ. ಯಾಕೆ? ‘ವ’ ಬರೆದು ಮಗ್ಗುಲಿಗೇ ಕೊಂಬು ಎಳೆದು ನೋಡಿ. ಕಾಗದದ ಮೇಲೆ ‘ಮ’ ನಿಂತಿರುತ್ತದೆ. ‘ನಾವು’ ಎಂದು ಬರೆಯಹೊರಟರೆ ‘ನಾಮ’ ಆಗುತ್ತದೆ, ‘ಮಾವು’ ಹೋಗಿ ‘ಮಾಮ’ ಬರುತ್ತಾನೆ. ಇದು ಗೆರೆ ಎಳೆಯುವವನಿಗೆ ಎದುರಾಗುವ ಅಪಾಯ. ಎರಕದ ಮೊಳೆಗೆ ಇದರ ಚಿಂತೆಯಿಲ್ಲ. ಯಾವ ಆಕಾರ ಕೊಟ್ಟರೂ ಅದು ಒತ್ತುತ್ತದೆ. ಬೆರಳು ಕಂಡುಕೊಂಡ ಪರಿಹಾರವನ್ನು ಅಚ್ಚು ನಕಲು ಮಾಡಿತು.

ಅವಸರದಲ್ಲಿ ಬರೆಯುವವರು ಒಂದು ಹೆಜ್ಜೆ ಮುಂದೆ ಹೋಗುತ್ತಾರೆ: ‘ವು’ವಿನ ಕೊಂಬನ್ನು ಗೆರೆಯ ಕೆಳಕ್ಕೆ ಇಳಿಬಿಡುತ್ತಾರೆ, ‘ಪ’ದ ಬಾಯನ್ನು ಅಗಲವಾಗಿ ತೆರೆಯುತ್ತಾರೆ, ‘ವ’ವನ್ನು ಬಿಗಿಯಾಗಿ ಮುಚ್ಚುತ್ತಾರೆ. ನಾನು ಹೀಗೆ ಬರೆದಾಗ ಮೇಷ್ಟರೊಬ್ಬರು ಕೆಂಪು ಶಾಯಿಯಲ್ಲಿ ಗೀಟು ಹಾಕಿದ್ದರು, ಪುಸ್ತಕದಲ್ಲಿ ಹಾಗಿಲ್ಲ ಎಂದು. ಆ ಇಳಿಗೊಂಬು ಸೋಮಾರಿತನವಲ್ಲ, ಓದುವವರ ಮೇಲಿನ ಕಾಳಜಿ. ಎಲ್ಲವನ್ನೂ ಒಂದೇ ಗಾತ್ರಕ್ಕೆ ದುಂಡಗೆ ಮಾಡಿದಷ್ಟೂ ಈ ವ್ಯತ್ಯಾಸಗಳು ಸವೆಯುತ್ತವೆ.

ಇಲ್ಲಿ ಲಿಪಿ ಸುಧಾರಕರೊಂದಿಗೆ ಜಗಳ ಅನಿವಾರ್ಯ. ಕೊಂಬು ಎಲ್ಲ ಅಕ್ಷರಕ್ಕೂ ಒಂದೇ ಕಡೆ ಇರಲಿ, ಒತ್ತಕ್ಷರ ಸಾಲಿಗೇ ಬರಲಿ, ಅರ್ಕಾವತ್ತು ತೊಲಗಲಿ ಎಂದು ವಾದಿಸಿದವರು ಮುಂದೊಡ್ಡಿದ ದೊಡ್ಡ ಕಾರಣ ಯಂತ್ರದ ಅಡಚಣೆ. ಬೆರಳಚ್ಚು ಯಂತ್ರಕ್ಕೆ ಇಷ್ಟೊಂದು ಆಕಾರ ಹೊರಲಾಗದು ಎಂಬುದು. ಇವತ್ತು ಆ ಕಾರಣ ಉಳಿದಿಲ್ಲ. ಯೂನಿಕೋಡಿನಲ್ಲಿ ‘ಕು’ವಿಗೂ ‘ವು’ವಿಗೂ ಕೊಂಬಿನ ಸಂಕೇತ ಒಂದೇ, ಅದನ್ನು ಎಲ್ಲಿ ಸೇರಿಸಬೇಕೆಂದು ತೀರ್ಮಾನಿಸುವುದು ಫಾಂಟ್. ಯಂತ್ರ ಲಿಪಿಗೆ ಬಾಗಿತು, ಲಿಪಿ ಯಂತ್ರಕ್ಕಲ್ಲ. ಅವರು ಅಪವಾದ ಎಂದು ಅಳಿಸಹೊರಟದ್ದು ‘ಮ’ವನ್ನು ಕಾಯುತ್ತಿದ್ದ ಬೇಲಿ. ಅಚ್ಚು ಈಗಲೂ ಹಿಂದುಳಿದ ಜಾಗವೂ ಉಂಟು. ‘ಸೂರ್ಯ’ವನ್ನು ಅರ್ಕಾವತ್ತಿನಲ್ಲೂ ಬರೆಯಬಹುದು, ‘ಸೂರ‍್ಯ’ ಎಂದು ರಕಾರಕ್ಕೆ ಯ ಒತ್ತು ಕೊಟ್ಟೂ ಬರೆಯಬಹುದು. ಪೆನ್ನಿಗೆ ಎರಡೂ ಸಲೀಸು. ಕೀಲಿಮಣೆಯಲ್ಲಿ ಎರಡನೆಯದಕ್ಕೆ ಕಣ್ಣಿಗೆ ಕಾಣದ ಜೋಡಕವೊಂದನ್ನು ನಡುವೆ ಇಡಬೇಕು.

ಅಚ್ಚಿನ ಉಪಕಾರ ದೊಡ್ಡದು. ಬೀದರಿನವರೂ ಮಡಿಕೇರಿಯವರೂ ಒಂದೇ ಪುಟವನ್ನು ತಡವರಿಸದೆ ಓದುವುದು ಅದರಿಂದಲೇ. ಓದಲಾಗದ ಗೀಚನ್ನು ಸಮರ್ಥಿಸುವುದೂ ನನ್ನ ಉದ್ದೇಶವಲ್ಲ. ಆದರೆ ಒಳ್ಳೆಯ ಕೈಬರಹದ ಪರೀಕ್ಷೆ ಅಚ್ಚಿನ ಹೋಲಿಕೆಯಲ್ಲ, ಅಕ್ಷರ ಅಕ್ಷರದ ನಡುವಿನ ಸ್ಪಷ್ಟ ಭೇದ. ಮಕ್ಕಳಿಗೆ ಬರೆಯಲು ಕಲಿಸುವವರಲ್ಲಿ ನನ್ನ ಕೇಳಿಕೆ ಇಷ್ಟೇ: ಮಗುವಿನ ಹಾಳೆಯಲ್ಲಿ ಅಕ್ಷರ ದುಂಡಗಿದೆಯೇ ಎಂದು ನೋಡುವ ಮೊದಲು ‘ವು’ ಎಲ್ಲಿದೆ, ‘ಮ’ ಎಲ್ಲಿದೆ ಎಂದು ನೋಡಿ. ಎರಡೂ ಬೇರೆಯಾಗಿ ಕಂಡರೆ ಆ ಮಗುವಿಗೆ ಬರೆಯಲು ಬಂತು.